ಇಪ್ಪತ್ತರ ಗೆರೆ

ಫಕೀರವ್ವನ ತೆರಿಗೆ ನೂರಕ್ಕೆ ಎಂಟರಿಂದ ಮೂವತ್ನಾಲ್ಕಕ್ಕೆ ಏರಿತು. ಅದೇ ವಾರ ಅಶೋಕ ತೆಲಸಂಗರ ತೆರಿಗೆ ನೂರಕ್ಕೆ ಮೂವತ್ತರಿಂದ ನಾಲ್ಕಕ್ಕೆ ಇಳಿಯಿತು. ಫಕೀರವ್ವ ಹಳೇ ಹುಬ್ಬಳ್ಳಿಯ ಒಂದೇ ಕೋಣೆಯ ಮನೆಯಲ್ಲಿ ದಿನಕ್ಕೆ ಇನ್ನೂರು ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವವಳು. ತೆಲಸಂಗರು ಮೂರು ಜಿಲ್ಲೆಗಳಲ್ಲಿ ಗೋದಾಮುಗಳನ್ನೂ ಎರಡು ಕಲ್ಯಾಣ ಮಂಟಪಗಳನ್ನೂ ಇಟ್ಟುಕೊಂಡವರು. ಇಬ್ಬರಿಗೂ ಬಂದ ಚೀಟಿಯ ಕೆಳಗೆ ಒಂದೇ ಸಹಿ ಇತ್ತು: ಡಾ. ನೀಲಾಂಬಿಕಾ ಹೊಸಮನಿ, ಮುಖ್ಯ ವಿಜ್ಞಾನಿ, ಸಮಹೊರೆ ಮಂಡಳಿ.

ಓದು ಬಾರದ ಫಕೀರವ್ವ ಆ ಚೀಟಿಯನ್ನು ಓದಿಸಿಕೊಳ್ಳಲು ತಂದದ್ದೂ ನೀಲಾಂಬಿಕಾಳ ಮನೆಗೇ. ಹನ್ನೆರಡು ವರ್ಷಗಳಿಂದ ಆ ಮನೆಗೆ ಬೆಳಿಗ್ಗೆ ಎಂಟಕ್ಕೆ ಹತ್ತು ರೊಟ್ಟಿ ಕೊಟ್ಟು ಹೋಗುವುದು ಅವಳ ರೂಢಿ. ಅಂದು ರೊಟ್ಟಿಯ ಬುಟ್ಟಿಯಿಂದ ಚೀಟಿ ತೆಗೆದು, "ಅಕ್ಕಾರ, ಇದರಾಗ ಏನ್ ಬರದಾರ ನೋಡ್ರಿ" ಎಂದಳು.

ನೀಲಾಂಬಿಕಾ ಓದಿದಳು. ಸಂಖ್ಯೆ ನೋಡಿ ಇನ್ನೊಮ್ಮೆ ಓದಿದಳು. ಆಮೇಲೆ ಫಕೀರವ್ವನಿಗೆ, ಇನ್ನು ಮುಂದೆ ಖಾನಾವಳಿಯವರು ನೂರು ರೂಪಾಯಿ ಕೊಟ್ಟರೆ ನಿನ್ನ ಕೈಗೆ ಅರವತ್ತಾರು ಬರುತ್ತದೆ ಎಂದು ಹೇಳಿದಳು. ಹೇಳುವಾಗ ಅವಳ ಮುಖವನ್ನು ನೋಡಲಾಗಲಿಲ್ಲ. ಫಕೀರವ್ವ, ಹಾಗಾದರೆ ದಿನಕ್ಕೆ ಇನ್ನೂ ಎಪ್ಪತ್ತು ಎಂಬತ್ತು ರೊಟ್ಟಿ ಹೆಚ್ಚಿಗೆ ಬಡಿಯಬೇಕಾಗುತ್ತದೆ ಎಂದಷ್ಟೇ ಹೇಳಿ ಬುಟ್ಟಿ ಎತ್ತಿಕೊಂಡು ಹೋದಳು.

ತೆರಿಗೆಯ ಜಗಳ ಹಳೆಯದು. ಎಲ್ಲರೂ ಒಂದೇ ದರದಲ್ಲಿ ಕೊಡಲಿ ಎನ್ನುವವರು ಒಂದು ಕಡೆ, ಉಳ್ಳವರು ಹೆಚ್ಚಿನ ದರದಲ್ಲಿ ಕೊಡಲಿ ಎನ್ನುವವರು ಇನ್ನೊಂದು ಕಡೆ. ಪ್ರತಿ ಚುನಾವಣೆಯಲ್ಲೂ ಇದೇ ಮಾತು ನಡೆದು ಜನ ಬೇಸತ್ತಿದ್ದರು. ಆ ಹೊತ್ತಿಗೆ ನೀಲಾಂಬಿಕಾಳ ಯಂತ್ರ ಬಂತು. ಮುಂಗೈಗೆ ಒಂದು ಪಟ್ಟಿ, ಹಣೆಗೆ ಇನ್ನೊಂದು ಪಟ್ಟಿ. ನಷ್ಟದ ಸುದ್ದಿ ಕೇಳಿದಾಗ ಮನುಷ್ಯನ ಬೆವರು, ಎದೆಬಡಿತ, ಹಣೆಯ ಹಿಂದಿನ ರಕ್ತದ ಓಟ ಎಲ್ಲವೂ ಬದಲಾಗುತ್ತವೆ. ಯಂತ್ರ ಅವನ್ನೆಲ್ಲ ಕೂಡಿಸಿ ಸೊನ್ನೆಯಿಂದ ನೂರರವರೆಗಿನ ಒಂದು ಸಂಖ್ಯೆ ಕೊಡುತ್ತಿತ್ತು. ಅದಕ್ಕೆ ಹೊರೆ ಅಂಶ ಎಂದು ಹೆಸರು. ಕುರ್ಚಿಯಲ್ಲಿ ಕೂತವರಿಗೆ ನಿಮ್ಮ ಗಳಿಕೆಯಲ್ಲಿ ನೂರಕ್ಕೆ ಒಂದು ಹೋಗುತ್ತದೆ, ಎರಡು ಹೋಗುತ್ತದೆ, ಮೂರು ಹೋಗುತ್ತದೆ ಎಂದು ಹೇಳುತ್ತ, ಅವರ ಖಾತೆಯಿಂದ ಅಷ್ಟನ್ನು ನಿಜವಾಗಿಯೂ ತೆಗೆದು ತೋರಿಸಲಾಗುತ್ತಿತ್ತು. ಹೊರೆ ಅಂಶ ಇಪ್ಪತ್ತು ಮುಟ್ಟಿದ ಕಡೆ ನಿಲ್ಲಿಸಬೇಕು. ಅದೇ ಅವರ ದರ. ಎಲ್ಲರಿಗೂ ಒಂದೇ ನೋವು, ಅದಕ್ಕಿಂತ ನ್ಯಾಯ ಏನಿದೆ ಎಂದು ವಿಧಾನಸಭೆಯಲ್ಲಿ ಎರಡೂ ಕಡೆಯವರು ಮೇಜು ಕುಟ್ಟಿದ್ದರು. ಯಾರ ದರವೂ ನೂರಕ್ಕೆ ಮೂವತ್ತೈದು ಮೀರಬಾರದು ಎಂಬ ಮಿತಿಯೊಂದನ್ನು ಸೇರಿಸಿ ಕಾನೂನು ಮಾಡಿದರು.

ಬಡವರ ದರ ಒಂದೋ ಎರಡೋ ಬರುತ್ತದೆ, ಶ್ರೀಮಂತರದು ಮೂವತ್ತೈದರ ಹತ್ತಿರ ಹೋಗುತ್ತದೆ ಎಂದು ನೀಲಾಂಬಿಕಾ ನಂಬಿದ್ದಳು. ಪ್ರಯೋಗದಲ್ಲೂ ಗಳಿಕೆ ಕಡಿಮೆಯಿದ್ದವರ ದರ ಕಡಿಮೆಯೇ ಕಂಡಿತ್ತು. ಆದರೆ ಪ್ರಯೋಗಕ್ಕೆ ಬಂದ ಆರು ನೂರು ಜನ ಕಾಲೇಜಿನವರು, ಅಂಗಡಿಯವರು, ಪಿಂಚಣಿದಾರರು. ಕೆಲಸದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಕೂಲಿ ಬಿಟ್ಟು ಬರಬೇಕಾದವರಾಗಲಿ, ತೆಲಸಂಗರಂಥ ದೊಡ್ಡ ಶ್ರೀಮಂತರಾಗಲಿ ಅವರಲ್ಲಿ ಒಬ್ಬರೂ ಇರಲಿಲ್ಲ. ಇದು ಅವಳಿಗೆ ಹೊಳೆದದ್ದು ಫಕೀರವ್ವ ಬುಟ್ಟಿ ಎತ್ತಿಕೊಂಡು ಹೋದ ಮೇಲೆ.

ಪ್ರಯೋಗಾಲಯಕ್ಕೆ ಹೋದವಳೇ ತೆಲಸಂಗರ ಅಳತೆಯ ದಾಖಲೆ ತೆಗೆದಳು. ಆ ದಿನ ಅವಳೇ ಅಲ್ಲಿದ್ದಳು, ಇದು ಒಬ್ಬರದೇ ವಿಚಿತ್ರ ಎಂದುಕೊಂಡಿದ್ದಳು. ತೆಲಸಂಗರು ಕುರ್ಚಿಯಲ್ಲಿ ನಗುತ್ತಲೇ ಕೂತಿದ್ದರು. ನೂರಕ್ಕೆ ಒಂದು ಎಂದಾಗ ನಗು ನಿಂತಿತು. ಎರಡು ಎಂದಾಗ ಕುತ್ತಿಗೆ ಬೆವರಿತು. ಮೂರಕ್ಕೆ ಅವರು ಕುರ್ಚಿಯ ತೋಳನ್ನು ಹಿಡಿದುಕೊಂಡರು. ನಾಲ್ಕಕ್ಕೆ ಹೊರೆ ಅಂಶ ಇಪ್ಪತ್ತು ದಾಟಿತು. ಪಟ್ಟಿ ಬಿಚ್ಚಿದ ಮೇಲೆ ಅವರು ನಾಚಿಕೊಂಡೇ ಹೇಳಿದ್ದರು: "ಮೇಡಂ, ನಾ ನಾಟಕ ಮಾಡಲಿಲ್ಲ. ಮೈಯಾಗಿಂದ ತುಂಡು ಕಿತ್ತಂಗ ಆಗತೈತಿ." ಅದು ಸುಳ್ಳಾಗಿರಲಿಲ್ಲ. ಯಂತ್ರಕ್ಕೆ ಸುಳ್ಳು ಹೇಳುವುದು ಸುಲಭವಲ್ಲ.

ಫಕೀರವ್ವನ ದಾಖಲೆಯಲ್ಲಿ ಗೆರೆ ನೆಲಕ್ಕೆ ಅಂಟಿಕೊಂಡೇ ಓಡಿತ್ತು. ಹತ್ತು, ಹದಿನೈದು, ಇಪ್ಪತ್ತು, ಏನೂ ಆಗಿರಲಿಲ್ಲ. ಮೂವತ್ತರ ಮೇಲೆ ಒಂದಿಷ್ಟು ಎದ್ದು ಮೂವತ್ನಾಲ್ಕಕ್ಕೆ ಇಪ್ಪತ್ತು ಮುಟ್ಟಿತ್ತು. ನೀಲಾಂಬಿಕಾ ಹಳೇ ಹುಬ್ಬಳ್ಳಿಯ ಉಳಿದ ದಾಖಲೆಗಳನ್ನೂ ತೆಗೆದಳು. ಹಮಾಲರು, ಕಸ ಗುಡಿಸುವವರು, ಬೀಡಿ ಕಟ್ಟುವವರು. ಎಲ್ಲರದೂ ಹಾಗೆಯೇ. ಕೆಲವರು ಮೂವತ್ತೈದರ ಮಿತಿಯನ್ನೇ ಮುಟ್ಟಿದ್ದರು. ಇಡೀ ವಿಭಾಗದಲ್ಲಿ ಅಂಥವರು ಎರಡು ಲಕ್ಷ ಜನ.

ಮರುದಿನ ಫಕೀರವ್ವನನ್ನು ಕರೆಸಿ, ಮುದ್ರೆ ಹಾಕದೆ ಪರೀಕ್ಷೆಗಷ್ಟೇ ಮತ್ತೆ ಅಳೆದಳು. ಮತ್ತೆ ಅದೇ. ನೂರಕ್ಕೆ ಇಪ್ಪತ್ತು ಹೋಯಿತು ಎಂದಾಗ ಎದೆ ಧಸಕ್ ಅನ್ನಲಿಲ್ಲವೇ ಎಂದು ಕೇಳಿದಳು.

"ಹೋಗೂದು ಹೋಗತೈತ್ರಿ ಅಕ್ಕಾರ" ಎಂದಳು ಫಕೀರವ್ವ. "ಬಾಡಿಗಿ ಹೋಗತೈತಿ, ಔಷಧಕ್ಕ ಹೋಗತೈತಿ. ಒಂದೊಂದಕ್ಕ ಎದಿ ಹೊಡಕೋತ ಕುಂತ್ರ ರೊಟ್ಟಿ ಯಾರು ಬಡೀಬೇಕು?"

ನೀಲಾಂಬಿಕಾಳಿಗೆ ಇದರ ಕಾರಣ ಗೊತ್ತಿತ್ತು. ಶರೀರಶಾಸ್ತ್ರದ ಪುಸ್ತಕಗಳಲ್ಲೇ ಇದೆ. ನಷ್ಟದ ಭಯ ಒಂದು ಗಂಟೆಯಿದ್ದಂತೆ. ಅದು ವರ್ಷಾನುಗಟ್ಟಲೆ ಬಾರಿಸುತ್ತಲೇ ಇದ್ದರೆ ದೇಹ ಅದನ್ನು ಕೇಳಿಸಿಕೊಳ್ಳುವುದನ್ನು ಬಿಡುತ್ತದೆ. ಬಿಡದಿದ್ದರೆ ಬದುಕಲಾಗುವುದಿಲ್ಲ. ಕಳೆದುಕೊಂಡು ರೂಢಿಯಿಲ್ಲದವನಿಗೆ ಅದು ಒಂದೇ ಸಲಕ್ಕೆ ಕಿವಿ ಒಡೆಯುವಂತೆ ಕೇಳುತ್ತದೆ. ಇಷ್ಟನ್ನು ತಿಳಿದವಳು ಅಳೆಯುವಾಗ ಅದನ್ನು ಮರೆತದ್ದು ಹೇಗೆ ಎಂದು ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಮಂಡಳಿಯ ಆಯುಕ್ತ ಇನಾಮದಾರರು ಶಾಂತ ಸ್ವಭಾವದವರು. ಅವಳು ಹೇಳಿದ್ದನ್ನೆಲ್ಲ ಪೂರ್ತಿ ಕೇಳಿದರು. ನಡುವೆ ಎರಡು ಸಲ ಚಹಾ ತರಿಸಿದರು. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ.

"ಯಂತ್ರ ತಪ್ಪು ಅಳೀಲಿಕ್ಕತ್ತದೇನ್ರಿ?"

"ಇಲ್ಲ. ಬರೊಬ್ಬರಿ ಅಳೀತೈತಿ."

"ಹಂಗಾದ್ರ ನಾ ಏನ್ ತಿದ್ದಲಿ?"

ಯಂತ್ರ ಸರಿಯಾಗಿದೆ, ಅದಕ್ಕೆ ಕೇಳಿದ ಪ್ರಶ್ನೆ ತಪ್ಪಾಗಿದೆ ಎಂದು ಅವಳು ವಿವರಿಸಿದಳು. ಪ್ರಶ್ನೆ ಕಾನೂನಿನದು, ಕಾನೂನು ವಿಧಾನಸಭೆಯದು ಎಂದರು ಇನಾಮದಾರರು. ಬೇಕಾದರೆ ಒಂದು ಸಮಿತಿ ಮಾಡೋಣ ಎಂದರು. ಸಮಿತಿ ಆಗಲು ನಾಲ್ಕು ತಿಂಗಳು ಹಿಡಿಯಿತು.

ಆ ನಾಲ್ಕು ತಿಂಗಳಲ್ಲಿ ಊರಿನಲ್ಲಿ ಹೊಸ ವ್ಯಾಪಾರವೊಂದು ಹುಟ್ಟಿಕೊಂಡಿತು. ಗಲ್ಲಿಗೊಂದು ಹೊರೆ ತರಬೇತಿ ಕೇಂದ್ರ. ಯಂತ್ರವನ್ನು ನಟನೆಯಿಂದ ಮೋಸ ಮಾಡಲಾಗದು, ಆದರೆ ಮನಸ್ಸನ್ನು ನಿಜವಾಗಿಯೂ ನೋಯಿಸಿಕೊಂಡರೆ ಆಗುತ್ತದೆ. ಕುರ್ಚಿಯಲ್ಲಿ ಕೂತಾಗ ಸತ್ತವರನ್ನು ನೆನೆಸಿಕೊಳ್ಳಿ, ಯಾರ ಸಾವು ಎಲ್ಲಕ್ಕಿಂತ ಹೆಚ್ಚು ಸುಟ್ಟಿತೋ ಅವರನ್ನೇ ನೆನೆಸಿಕೊಳ್ಳಿ ಎಂದು ಅಲ್ಲಿ ಕಲಿಸುತ್ತಿದ್ದರು. ಶುಲ್ಕ ನಾಲ್ಕು ಸಾವಿರ. ಇನ್ನೂ ಅಳತೆಯಾಗದ ಗುಮಾಸ್ತರು, ಮಾಸ್ತರರು, ಸಣ್ಣ ಅಂಗಡಿಯವರು ಹೋಗಿ ತಮ್ಮ ದರವನ್ನು ಹಳೆಯ ಹದಿನೈದರಿಂದ ಆರಕ್ಕೆ, ಐದಕ್ಕೆ ಇಳಿಸಿಕೊಂಡು ಬಂದರು. ಫಕೀರವ್ವನ ಓಣಿಯವರು ಮುಂದಿನ ವರ್ಷದ ಅಳತೆಗೆಂದು ಚಂದಾ ಕೂಡಿಸಿ ಅವಳನ್ನೂ ಕಳಿಸಲು ನೋಡಿದರು. ಅವಳ ಮಗಳು ನಿಂಗವ್ವ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಕಾಮಾಲೆಯಾಗಿ ಸತ್ತದ್ದು ಓಣಿಗೆಲ್ಲ ಗೊತ್ತಿತ್ತು. ಅವಳನ್ನೇ ನೆನೆದರಾಯಿತು ಎಂದರು.

"ನನ್ನ ಮಗಳನ್ನ ತೆರಿಗಿ ಕಚೇರಿಗೆ ಕರಕೊಂಡ ಹೋಗಾಂಗಿಲ್ಲ" ಎಂದಳಂತೆ ಫಕೀರವ್ವ. ಇದನ್ನು ಅವಳೇ ಒಂದು ಬೆಳಿಗ್ಗೆ ರೊಟ್ಟಿ ಎಣಿಸಿ ಕೊಡುತ್ತ, ಬೇರೆ ಯಾರದೋ ವಿಷಯ ಎಂಬಂತೆ ನೀಲಾಂಬಿಕಾಳಿಗೆ ಹೇಳಿದಳು.

ನೀಲಾಂಬಿಕಾಳ ಗಂಡ ಸದಾನಂದ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಅವರು ಆ ಮಾತು ಕೇಳಿಸಿಕೊಂಡರು. ಮಧ್ಯಾಹ್ನ ಊಟಕ್ಕೆ ಕೂತಾಗ, ಆ ಕೆಲಸ ಬಿಟ್ಟುಬಿಡು ಎಂದು ಹೆಂಡತಿಗೆ ಹೇಳಿದರು. ಬಿಟ್ಟರೆ ಸರಿಪಡಿಸುವವರು ಯಾರು ಎಂದು ಅವಳು ರೇಗಿದಳು. ನಾಲ್ಕು ತಿಂಗಳಲ್ಲಿ ಏನು ಸರಿಪಡಿಸಿದೆ ಎಂದು ಅವರು ಕೇಳಿದರು. ಅವಳು ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದು ಕೈ ತೊಳೆದಳು.

ಸಮಿತಿ ಕೊನೆಗೂ ಕೂತಿತು. ತೆರಿಗೆದಾರರ ಪ್ರತಿನಿಧಿಯಾಗಿ ತೆಲಸಂಗರೂ ಅದರಲ್ಲಿದ್ದರು. ನೀಲಾಂಬಿಕಾ ಈ ಸಲ ನೋವಿನ ಲೆಕ್ಕ ತಂದಿರಲಿಲ್ಲ. ಹಳೇ ಹುಬ್ಬಳ್ಳಿಯ ನಲವತ್ತು ಹೆಂಗಸರ ತೂಕ, ರಕ್ತ, ಊಟ, ದುಡಿಮೆಯ ತಾಸುಗಳನ್ನು ಬರೆದು ತಂದಿದ್ದಳು. ಫಕೀರವ್ವ ಸಂಜೆಯ ಊಟ ಬಿಟ್ಟಿದ್ದಳು. ನಾಲ್ಕು ಕಿಲೋ ಇಳಿದಿದ್ದಳು. ರಕ್ತದಲ್ಲಿ ಹಿಮೋಗ್ಲೋಬಿನ್ ಏಳಕ್ಕೆ ಬಂದಿತ್ತು. ಇದನ್ನೆಲ್ಲ ಓದಿ ಮುಗಿಸಿ ಅವಳು ತೆಲಸಂಗರತ್ತ ತಿರುಗಿದಳು. ಹಿಂದೆ ನೂರಕ್ಕೆ ಮೂವತ್ತು ಕೊಡುತ್ತಿದ್ದಾಗ ತಾವು ಏನನ್ನು ಬಿಟ್ಟುಕೊಟ್ಟಿದ್ದಿರಿ, ಊಟವೋ ನಿದ್ದೆಯೋ ಔಷಧವೋ, ಒಂದು ಹೇಳಿ ಎಂದಳು.

ತೆಲಸಂಗರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಬೆರಳು ಮಡಿಸಿ ಎಣಿಸಲು ನೋಡಿದರು.

"ಏನೂ ಬಿಟ್ಟಿಲ್ರಿ" ಎಂದರು. "ಖರೇ ಹೇಳಬೇಕಂದ್ರ ಏನೂ ಬಿಟ್ಟಿಲ್ಲ. ಆದ್ರ ನೋವಾಗಿದ್ದು ಸುಳ್ಳಲ್ಲ."

ಇಷ್ಟಾದ ಮೇಲೆ ಗೆದ್ದೆ ಎಂದೇ ನೀಲಾಂಬಿಕಾ ತಿಳಿದಳು. ಸಮಿತಿಯ ನಿರ್ಣಯ ಹನ್ನೊಂದು ದಿನಗಳ ನಂತರ ಬಂತು. ಕಾನೂನು ಅಳೆಯಲು ಹೇಳಿರುವುದು ಹೊರೆಯನ್ನು, ತೂಕವನ್ನಲ್ಲ. ಆದ್ದರಿಂದ ಸದರಿ ಅಂಕಿಅಂಶಗಳು ಪರಿಗಣನೆಗೆ ಅರ್ಹವಲ್ಲ. ಬಡವರ ದೇಹ ಮರಗಟ್ಟಿದೆ ಎಂಬುದು ವಿಜ್ಞಾನಿಗಳ ಊಹೆ ಮಾತ್ರ. ಸಾಧಿಸಿ ತೋರಿಸಿದಲ್ಲಿ ಪರಿಶೀಲಿಸಬಹುದು.

ಆ ಕೊನೆಯ ಸಾಲನ್ನು ಅವಳು ಹಿಡಿದುಕೊಂಡಳು. ಮರಗಟ್ಟಿದ ದೇಹಕ್ಕೆ ವಿಶ್ರಾಂತಿ, ಹೊಟ್ಟೆ ತುಂಬ ಊಟ, ನಾಳೆ ಏನು ಎಂಬ ಚಿಂತೆಯಿಲ್ಲದ ಕೆಲವು ವಾರಗಳು ಸಿಕ್ಕರೆ ಅದು ಮತ್ತೆ ಗಂಟೆಯನ್ನು ಕೇಳಿಸಿಕೊಳ್ಳುತ್ತದೆ. ಅದನ್ನು ತೋರಿಸಬೇಕಿತ್ತು. ನಲವತ್ತು ಹೆಂಗಸರಿಗೆ ಮೂರು ವಾರ ಕೂಲಿ ಕೊಟ್ಟು, ಊಟ ಕೊಟ್ಟು ಕೂರಿಸಬೇಕು. ಮಂಡಳಿ ಅದಕ್ಕೆ ಹಣವಿಲ್ಲ ಎಂದಿತು. ಹಣ ಕೊಡಲು ಮುಂದೆ ಬಂದವರು ತೆಲಸಂಗರು. ಆಷಾಢ ಬಂದಿತ್ತು, ಮದುವೆಗಳಿಲ್ಲದೆ ಅವರ ಕಲ್ಯಾಣ ಮಂಟಪವೊಂದು ಖಾಲಿ ಬಿದ್ದಿತ್ತು. ಅದನ್ನು ಕೊಟ್ಟರು, ಅಡಿಗೆಯವರನ್ನು ಕೊಟ್ಟರು, ನಲವತ್ತು ಜನರ ಕೂಲಿಯನ್ನೂ ಕೊಟ್ಟರು. ಒಟ್ಟು ಖರ್ಚು ಅವರ ಆ ವರ್ಷದ ತೆರಿಗೆಗಿಂತ ಹೆಚ್ಚಾಗಿತ್ತು. ಕೊಡುವಾಗ ನೋವಾಗಲಿಲ್ಲವೇ ಎಂದು ನೀಲಾಂಬಿಕಾ ಕೇಳಿದಳು. ಇಲ್ಲ, ಖುಷಿಯಾಯಿತು ಎಂದರು ಅವರು. ಹಾಗಾದರೆ ಇದನ್ನೇ ತೆರಿಗೆಯಾಗಿ ಕೊಡಬಹುದಲ್ಲ ಎಂದಳು.

"ಅದು ಬ್ಯಾರೆ, ಇದು ಬ್ಯಾರೆ ಮೇಡಂ" ಎಂದರು ತೆಲಸಂಗರು. "ಇದು ನಾ ಕೊಟ್ಟದ್ದು. ಅದು ಅವರು ತಗೊಳ್ಳೂದು."

ಒಳ್ಳೆಯ ಮನುಷ್ಯನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಎಷ್ಟು ಕಷ್ಟ ಎಂದು ಅವಳಿಗೆ ಅವತ್ತು ಗೊತ್ತಾಯಿತು. ಥ್ಯಾಂಕ್ಸ್ ಹೇಳಿ ಬಂದಳು.

ಮಂಟಪದಲ್ಲಿ ಮೊದಲ ದಿನಗಳು ಹೆಂಗಸರಿಗೆ ಹಿಂಸೆಯಾದವು. ಕೆಲಸವಿಲ್ಲದೆ ಕೂರಲು ಅವರಿಗೆ ಬರುತ್ತಿರಲಿಲ್ಲ. ಬೆಳಿಗ್ಗೆ ಎದ್ದವರೇ ಇಡೀ ಹಾಲ್ ಗುಡಿಸಿ, ಆಗಲೇ ಗುಡಿಸಿದ್ದನ್ನು ಮತ್ತೆ ಗುಡಿಸುತ್ತಿದ್ದರು. ಫಕೀರವ್ವ ಅಡಿಗೆಮನೆಗೆ ಹೋಗಿ ಹಿಟ್ಟು ನಾದಲು ಕೂತಳು, ಅಡಿಗೆಯವನು ಕೈ ಮುಗಿದು ಹೊರಗೆ ಕಳಿಸಿದ. ಐದನೆಯ ದಿನದಿಂದ ಅವರು ನಿದ್ದೆ ಮಾಡಲು ತೊಡಗಿದರು. ಮಧ್ಯಾಹ್ನ ಊಟವಾದ ಕೂಡಲೇ ಮಲಗಿ ಸಂಜೆ ಏಳುತ್ತಿದ್ದರು. ಹತ್ತನೆಯ ದಿನ ಬೀಡಿ ಕಟ್ಟುವ ಹುಸೇನಬಿಯ ಬಾಚಣಿಗೆ ಕಳೆಯಿತು. ಅವಳು ಅದಕ್ಕಾಗಿ ಗೋಡೆಗೆ ಒರಗಿ ಅತ್ತಳು. ಹತ್ತು ರೂಪಾಯಿಯ ಬಾಚಣಿಗೆ. ಉಳಿದವರು ನಕ್ಕರು, ಆಮೇಲೆ ಅವರಲ್ಲಿ ಒಬ್ಬೊಬ್ಬರೂ ಅಳಲು ಶುರುಮಾಡಿದರು. ನೀಲಾಂಬಿಕಾ ಇದನ್ನು ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಬರೆಯುವಾಗ ಅವಳಿಗೆ ಸಂತೋಷವಾಯಿತು.

ಇಪ್ಪತ್ತೊಂದನೆಯ ದಿನ ಕೊನೆಯ ಅಳತೆ ಮಾಡಿದರು. ಫಕೀರವ್ವನಿಗೆ ನೂರಕ್ಕೆ ಒಂದು ಎಂದಾಗ ಗೆರೆ ಮೇಲೆದ್ದಿತು. ಎರಡಕ್ಕೆ ಅವಳು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದಳು. ಮೂರಕ್ಕೆ ಹಣೆಯ ಪಟ್ಟಿಯನ್ನು ತಾನೇ ಕಿತ್ತು, ಸಾಕು ನಿಲ್ಲಿಸಿರಿ ಎಂದಳು. ಹೊರೆ ಅಂಶ ಇಪ್ಪತ್ತನ್ನು ದಾಟಿಯಾಗಿತ್ತು. ನಲವತ್ತು ಜನರಲ್ಲಿ ಯಾರದೂ ಆರು ಮೀರಲಿಲ್ಲ.

ನೀಲಾಂಬಿಕಾ ವರದಿ ಬರೆದಳು. ಪ್ರಾಮಾಣಿಕ ವಿಜ್ಞಾನಿಯಾದ್ದರಿಂದ ಗೊತ್ತಿದ್ದದ್ದನ್ನೆಲ್ಲ ಬರೆದಳು. ಇವರು ಹಳೆಯ ದುಡಿಮೆಗೆ ಮರಳಿದರೆ ಹತ್ತರಿಂದ ಹನ್ನೆರಡು ವಾರಗಳಲ್ಲಿ ದೇಹ ಮತ್ತೆ ಮರಗಟ್ಟುತ್ತದೆ ಎಂಬುದನ್ನೂ ಹದಿನೇಳನೆಯ ಪುಟದಲ್ಲಿ ಒಂದು ನಕ್ಷೆಯೊಂದಿಗೆ ಬರೆದಳು.

ಮಂಡಳಿಯ ಉತ್ತರ ಬೇಗ ಬಂತು. ವಿಶ್ರಾಂತಿಯಲ್ಲಿದ್ದಾಗ ಪಡೆದ ಅಳತೆ ವ್ಯಕ್ತಿಯ ಸಹಜ ಸ್ಥಿತಿಯ ಅಳತೆಯಲ್ಲ. ಸದರಿ ನಲವತ್ತು ಮಂದಿಯನ್ನು ಅವರು ಎಂದಿನ ಕೆಲಸಕ್ಕೆ ಮರಳಿ ಹನ್ನೆರಡು ವಾರಗಳಾದ ನಂತರ ಮರು ಅಳತೆ ಮಾಡುವುದು. ಅಲ್ಲಿಯವರೆಗೆ ಹಳೆಯ ದರವೇ ಇರತಕ್ಕದ್ದು.

ಅವಳು ಕಾಗದ ಹಿಡಿದು ಇನಾಮದಾರರ ಕೋಣೆಗೆ ಹೋದಳು. ಹನ್ನೆರಡು ವಾರ ಎಂಬುದು ಎಲ್ಲಿಂದ ಬಂತು ಎಂದು ಕೇಳಿದಳು. ಅವರು ಮೃದುವಾಗಿಯೇ, ನಿಮ್ಮ ವರದಿಯಿಂದಲೇ, ಹದಿನೇಳನೆಯ ಪುಟ ಎಂದರು. ಅವಳು ಏನನ್ನಾದರೂ ಎತ್ತಿ ಒಗೆಯಬೇಕೆಂದು ಮೇಜಿನ ಮೇಲೆ ನೋಡಿದಳು. ಅಲ್ಲಿ ಚಹಾದ ಕಪ್ಪು ಮಾತ್ರ ಇತ್ತು. ಹಾಗೆಯೇ ತಿರುಗಿ ಬಂದಳು.

ಫಕೀರವ್ವ ಕೆಲಸಕ್ಕೆ ಮರಳಿದ ಮೂರನೆಯ ದಿನ ನೀಲಾಂಬಿಕಾಳ ಮನೆಗೆ ಬಂದಳು. ಕೈಯಲ್ಲಿ ರೊಟ್ಟಿಯ ಬುಟ್ಟಿ ಇರಲಿಲ್ಲ. ಬಾಗಿಲಲ್ಲೇ ನಿಂತಳು, ಒಳಗೆ ಕರೆದರೆ ಬರಲಿಲ್ಲ. ಖಾನಾವಳಿಯಲ್ಲಿ ಹೆಬ್ಬೆಟ್ಟು ಒತ್ತಿದಾಗ ದುಡ್ಡು ಕಡಿತವಾದ ಸದ್ದು ಕೇಳಿ ಅಲ್ಲೇ ಕಟ್ಟೆಯ ಮೇಲೆ ಕೂರಬೇಕಾಯಿತು ಎಂದಳು. ಹಿಂದಿನ ದಿನವೂ ಹಾಗೆಯೇ ಆಯಿತು. ಹಿಟ್ಟು ತರಲು ಹೋದರೆ ದುಡ್ಡನ್ನು ನಾಲ್ಕು ನಾಲ್ಕು ಸಲ ಎಣಿಸುವಂತಾಗುತ್ತದೆ, ಬಾಡಿಗೆಯ ಮಾತು ಬಂದರೆ ಎದ್ದು ಹೊರಗೆ ಹೋಗುವಂತಾಗುತ್ತದೆ.

"ಮೊದಲ ಏನೂ ಆಗತಿದ್ದಿಲ್ಲ ಅಕ್ಕಾರ. ನೀವು ನನ್ನ ಚಲೋ ಊಟಾ ಹಾಕಿ, ನಿದ್ದಿ ಮಾಡಿಸಿ, ನೋವು ಕಲಿಸಿ ಕಳಿಸೀರಿ. ದುಡ್ಡ ಮಾತ್ರ ಅಷ್ಟ ಹೋಗಾಕತ್ತೈತಿ. ಈಗ ಈ ನೋವು ತಗೊಂಡು ನಾ ಏನ್ ಮಾಡಲಿ?"

ನೀಲಾಂಬಿಕಾ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಸಮಾಧಾನದ ಮಾತು ಬಾಯಿಗೆ ಬಂತು, ಆಡಲಿಲ್ಲ. ಬದಲಿಗೆ ಇದ್ದದ್ದನ್ನು ಇದ್ದಂತೆ ಹೇಳಿದಳು. ಮರು ಅಳತೆಗೆ ಹನ್ನೆರಡು ವಾರ ಬಿಟ್ಟು ದಿನ ಇಟ್ಟಿದ್ದಾರೆ, ಅಷ್ಟರಲ್ಲಿ ನಿನಗೆ ಮತ್ತೆ ಏನೂ ಅನಿಸದಂತಾಗುತ್ತದೆ, ಅದು ಅವರಿಗೆ ನನ್ನ ಬರಹದಿಂದಲೇ ಗೊತ್ತಾಯಿತು ಎಂದಳು.

ಫಕೀರವ್ವನಿಗೆ ಎರಡನೆಯ ಸಲ ಹೇಳಬೇಕಾಗಲಿಲ್ಲ.

"ಅಂದ್ರ ನಾವು ಮತ್ತ ಕಲ್ಲಾಗೂ ತನಕಾ ಕಾಯ್ತಾರ."

"ಹೌದು."

"ಈಗ ಕುರ್ಚ್ಯಾಗ ಕುಂತ್ರ?"

ಮರು ಅಳತೆಗೆ ಮಂಡಳಿಯೇ ಒಪ್ಪಿದ್ದರಿಂದ ನಿಮ್ಮ ಹಳೆಯ ಮುದ್ರೆ ಅಡ್ಡ ಬರುವುದಿಲ್ಲ, ಈಗ ಅಳೆದರೆ ಕಡಿಮೆ ಬರುತ್ತದೆ ಎಂದು ನೀಲಾಂಬಿಕಾ ಹೇಳಿದಳು. ಒಮ್ಮೆ ಅಳೆದು ಮುದ್ರೆ ಬಿದ್ದರೆ ಅದು ಒಂದು ವರ್ಷ ಬದಲಾಗುವುದಿಲ್ಲ, ಹಾಗೆಂದು ಕಾನೂನಿದೆ ಎಂದೂ ಹೇಳಿದಳು. ಹೇಳುವಾಗ ತಾನು ಏನು ಮಾಡುತ್ತಿದ್ದೇನೆ ಎಂಬುದು ಅವಳಿಗೆ ತಿಳಿದಿತ್ತು. ಯಂತ್ರ ಶುರುವಾಗಲು ಯಾರದೋ ಹೆಬ್ಬೆಟ್ಟು ಬೇಕಲ್ಲ ಎಂದು ಫಕೀರವ್ವ ಕೇಳಿದಳು. ನನ್ನದು ಎಂದಳು ನೀಲಾಂಬಿಕಾ. ಫಕೀರವ್ವ ಉಳಿದ ಮೂವತ್ತೊಂಬತ್ತು ಜನರಿಗೆ ಸುದ್ದಿ ಮುಟ್ಟಿಸಲು ಹೊರಟಳು.

ಮುಂದಿನ ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ನಲವತ್ತು ಹೆಂಗಸರೂ ಮಂಡಳಿಯ ಅಳತೆಯ ಹಾಲ್‌ಗೆ ಬಂದರು. ಅಲ್ಲಿ ಇಪ್ಪತ್ನಾಲ್ಕು ಕುರ್ಚಿಗಳಿದ್ದವು. ಇಪ್ಪತ್ನಾಲ್ಕು ಜನ ಕೂತರು, ಉಳಿದವರು ಅವರ ಬೆನ್ನ ಹಿಂದೆ ನಿಂತರು. ಮೂರು ವಾರ ದಿನಾ ಪ್ರಯೋಗಕ್ಕಾಗಿ ಕಟ್ಟಿಸಿಕೊಂಡು ರೂಢಿಯಾಗಿತ್ತು, ಪಟ್ಟಿಗಳನ್ನು ತಾವೇ ಕಟ್ಟಿಕೊಂಡರು. ಕಾವಲಿನವರು ಎಬ್ಬಿಸಲು ಬಂದರೆ ಹುಸೇನಬಿ ಅವರ ಕೈಯನ್ನು ಮೆಲ್ಲಗೆ ಸರಿಸಿ, ನಾವು ಅಳತೆ ಕೊಡಲು ಬಂದಿದ್ದೇವೆ, ಇದೇನು ಅಪರಾಧವೇ ಎಂದು ಕೇಳಿದಳು. ಅಪರಾಧ ಹೌದೋ ಅಲ್ಲವೋ ಎಂಬುದು ಕಾವಲಿನವರಿಗೆ ಗೊತ್ತಿರಲಿಲ್ಲ.

ನೀಲಾಂಬಿಕಾ ಕೆಳಗಿಳಿದು ಬಂದಾಗ ಫೋನ್ ಬಂತು. ಇನಾಮದಾರರು ಬೆಂಗಳೂರಿನ ಸಭೆಯಲ್ಲಿದ್ದರು. ಅವರಿಗೆ ಆಗಲೇ ಸುದ್ದಿ ಮುಟ್ಟಿತ್ತು.

"ಡಾಕ್ಟರ, ಯಂತ್ರ ಶುರು ಮಾಡಬ್ಯಾಡ್ರಿ. ಅವರ ದಿನ ಇನ್ನೂ ಬಂದಿಲ್ಲ."

"ಅವರು ಕುರ್ಚ್ಯಾಗ ಕುಂತಾರ್ರಿ. ಪಟ್ಟಿ ಕಟ್ಟಿಕೊಂಡಾರ."

"ಇದು ಆದೇಶ. ಬರೆದೂ ಕಳಸ್ತೀನಿ."

ಕಳಿಸಿ ಎಂದು ಹೇಳಿ ಅವಳು ಫೋನ್ ಇಟ್ಟಳು. ಆದೇಶ ಬರುವಷ್ಟರಲ್ಲಿ ಎಷ್ಟು ಹೊತ್ತಾಗಬಹುದು ಎಂದು ಲೆಕ್ಕ ಹಾಕಿದಳು. ಕಿರಿಯ ಸಹಾಯಕರೆಲ್ಲ ಅವಳ ಮುಖ ನೋಡುತ್ತಿದ್ದರು. ಅವಳ ಹೆಬ್ಬೆಟ್ಟಿನ ಗುರುತನ್ನು ಯಂತ್ರ ಮೊದಲನೆಯ ಸಲ ಹಿಡಿಯಲಿಲ್ಲ. ಸೀರೆಗೆ ಒರೆಸಿ ಮತ್ತೆ ಒತ್ತಿದಳು.

ಎರಡು ಸರದಿಯಲ್ಲಿ ನಲವತ್ತು ಅಳತೆಗಳು ಒಂದೂಕಾಲು ತಾಸಿನಲ್ಲಿ ಮುಗಿದವು. ಫಕೀರವ್ವನದು ಮೂರಕ್ಕೆ ನಿಂತಿತು. ಹುಸೇನಬಿಯದು ಎರಡಕ್ಕೆ. ಅತಿ ಹೆಚ್ಚು ಎಂದರೆ ಏಳು. ಎಲ್ಲ ಚೀಟಿಗಳ ಮೇಲೆ ಮುದ್ರೆ ಬಿತ್ತು. ಆದೇಶ ಬಂದಾಗ ಹೆಂಗಸರು ಗೇಟು ದಾಟಿ ಹೋಗಿದ್ದರು.

ನೀಲಾಂಬಿಕಾಳನ್ನು ಅದೇ ದಿನ ಸಂಜೆ ಅಮಾನತು ಮಾಡಿದರು. ಮುದ್ರೆ ಬಿದ್ದ ನಲವತ್ತು ಚೀಟಿಗಳನ್ನು ರದ್ದು ಮಾಡಲು ಕಾನೂನಿನಲ್ಲಿ ದಾರಿಯಿರಲಿಲ್ಲ. ಶ್ರೀಮಂತರು ಪದೇಪದೇ ಅಳತೆಗೆ ಬರಬಾರದೆಂದು ಮಾಡಿದ್ದ ಒಂದು ವರ್ಷದ ನಿಯಮ ಅದು, ಮಂಡಳಿಗೆ ಅದನ್ನು ಮುಟ್ಟಲಾಗಲಿಲ್ಲ. ಆದರೆ ಮರು ವಾರವೇ ಹೊಸ ಸುತ್ತೋಲೆ ಬಂತು. ನಿಗದಿತ ದಿನದಂದಲ್ಲದೆ ಯಾರನ್ನೂ ಅಳೆಯುವಂತಿಲ್ಲ, ವಿಶ್ರಾಂತಿ ಶಿಬಿರಗಳಿಗೆ ಹೋದವರನ್ನು ಒಂದು ವರ್ಷದವರೆಗೆ ಅಳೆಯುವಂತಿಲ್ಲ. ತೆಲಸಂಗರು ಮನೆಗೆ ಬಂದು ಬೇಸರ ಪಟ್ಟರು. ಇನ್ನೊಂದು ಶಿಬಿರಕ್ಕೆ ಬೇಕಾದರೆ ಹಣ ಕೊಡುತ್ತೇನೆ ಎಂದರು. ತೆರಿಗೆಯ ದರ ಏರಿಸಲು ಅರ್ಜಿ ಹಾಕಿ, ನಾನೇ ಬರೆದುಕೊಡುತ್ತೇನೆ ಎಂದು ನೀಲಾಂಬಿಕಾ ಹೇಳಿದಳು. ಅವರು ಗಡಿಯಾರ ನೋಡಿಕೊಂಡು ಎದ್ದರು.

ಹದಿನೈದು ದಿನಗಳ ನಂತರ ಒಂದು ಮುಂಜಾನೆ ಮನೆಯ ಮುಂದೆ ಒಬ್ಬ ಹೆಂಗಸು ನಿಂತಿದ್ದಳು. ಹೆಸರು ಗಾಳೆವ್ವ, ಹತ್ತಿ ಮಾರುಕಟ್ಟೆಯಲ್ಲಿ ಚೀಲ ಹೊಲಿಯುವವಳು. ಗದಗ ರಸ್ತೆಯಿಂದ ನಡೆದೇ ಬಂದಿದ್ದಳು. ಫಕೀರವ್ವನ ಸುದ್ದಿ ಕೇಳಿದ್ದಳಂತೆ. ತನ್ನ ದರ ಮೂವತ್ತೈದು, ಮನೆಯಲ್ಲಿ ಐದು ಜನ ಎಂದಳು. ತನ್ನನ್ನೂ ಮೂರು ವಾರ ಎಲ್ಲಿಯಾದರೂ ಕೂರಿಸುತ್ತೀರಾ ಎಂದು ಕೇಳಿದಳು.

ಸದಾನಂದ ಅವಳಿಗೆ ನೀರು ತಂದುಕೊಟ್ಟರು. ನೀಲಾಂಬಿಕಾ ಮೆಟ್ಟಿಲ ಮೇಲೆ ಅವಳ ಪಕ್ಕದಲ್ಲೇ ಕೂತು ಎಲ್ಲವನ್ನೂ ಹೇಳಿದಳು. ಹೊಸ ಸುತ್ತೋಲೆ, ಅಮಾನತು, ತನ್ನ ಹೆಬ್ಬೆಟ್ಟಿಗೆ ಈಗ ಯಂತ್ರ ತೆರೆಯುವುದಿಲ್ಲ ಎಂಬುದು. ನಲವತ್ತು ಜನರಿಗೆ ಆಯಿತು, ಇನ್ನು ಯಾರಿಗೂ ಆಗುವುದಿಲ್ಲ, ಕೋರ್ಟಿಗೆ ಹಾಕಿದ್ದೇನೆ, ವರ್ಷಗಳೇ ಹಿಡಿಯಬಹುದು ಎಂದಳು. ಹೇಳುತ್ತ ಹೇಳುತ್ತ ಅವಳ ದನಿ ಏರಿತು. ಈ ಹೆಂಗಸು ತನ್ನನ್ನು ಬೈಯಲಿ, ಯಂತ್ರ ಕಟ್ಟಿದವಳು ನೀನೇ ಅಲ್ಲವೇ ಎಂದು ಕೇಳಲಿ, ಆ ನೀರಿನ ಲೋಟವನ್ನು ಅಂಗಳಕ್ಕೆ ಎಸೆಯಲಿ ಎಂದು ಅವಳಿಗೆ ಅನ್ನಿಸುತ್ತಿತ್ತು.

ಗಾಳೆವ್ವ ನೀರು ಕುಡಿದು ಲೋಟವನ್ನು ಮೆಟ್ಟಿಲ ಮೇಲಿಟ್ಟಳು. ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ.

"ಇರಲಿ ಬಿಡ್ರಿ" ಎಂದಳು. ಸೆರಗು ಸರಿಮಾಡಿಕೊಂಡು, ಬಂದ ದಾರಿಯಲ್ಲೇ ನಡೆದು ಹೋದಳು.